ನಮ್ಮ ಮನೆಯವರು

"ಅಂಗಿ ಅಳತೆ ಎಷ್ಟು ಅಂತ ಕೇಳಿದೆ" ಎಂದು ಹೆಂಡತಿ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಮತ್ತೆ ಹೇಳಿದಾಗ ಅವನು ಒಂದು ಕೆನ್ನೆ ಬೋಳಿಸಿ ಮುಗಿಸಿದ್ದ. ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು.

"ಯಾರದ್ದು?"

"ಯಾರದ್ದು ಅಂದ್ರೆ! ನಿಮ್ಮ ಭಾವಂದು. ರಜಾ ಪೂರ್ತಿ ಅವರ ಮನೇಲಿ ಹೋಗಿ ಬೀಳ್ತಿದ್ದೀವಿ, ಬರಿಗೈಲಿ ಹೋಗೋಕಾಗುತ್ತಾ? ಅವರು ಊರಲ್ಲಿರಲ್ಲ ನಿಜ. ವಾಪಸ್ ಬಂದಾಗ ಅತ್ತಿಗೆ ಕೊಡ್ತಾರೆ."

ಅವನಿಗೆ ಭಾವನಿರಲಿಲ್ಲ. ಎಂದೂ ಇರಲಿಲ್ಲ.

"ನಲವತ್ತೆರಡು" ಎಂದ.

ಹೇಳಿಬಿಟ್ಟು ಕನ್ನಡಿ ನೋಡಿದ. ಬೋಳಿಸಿದ ಅರ್ಧ ಮುಖ ಬೆತ್ತಲೆಯಾಗಿ ಕಾಣುತ್ತಿತ್ತು. ನೊರೆಯ ಅರ್ಧವೇ ವಾಸಿ. ಅಲ್ಲಿ ಯಾರಾದರೂ ಇರಬಹುದಿತ್ತು.

ನಡುಮನೆಯಲ್ಲಿ ಮಗಳು ನೆಲದ ಮೇಲೆ ಆ ದೊಡ್ಡ ಊರಿನ ನಕ್ಷೆ ಹರಡಿಕೊಂಡು, ಅದರ ಮೇಲೆ ತಾನೂ ಹೊಟ್ಟೆಯಡಿಯಾಗಿ ಮಲಗಿದ್ದಳು. ಕೈಕಾಲು ಚಾಚಿದರೂ ಊರು ಅವಳ ಆಚೆಗೆ ಇನ್ನೂ ಉಳಿದಿತ್ತು.

"ಅಪ್ಪಾ, ಅತ್ತೆ ಮನೆ ಎಲ್ಲಿ? ಗುರುತು ಹಾಕು."

ಅವನು ಬಗ್ಗಿ, ಹಸಿರು ಹೆಚ್ಚಾಗಿದ್ದ ಕಡೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟ. ಅದೊಂದು ಸುಳ್ಳಲ್ಲ. ಮನೆ ಅಲ್ಲೇ ಇತ್ತು. ಅಕ್ಕನೂ ಅಲ್ಲೇ ಇದ್ದಳು.

"ಅಲ್ಲಿ ತುಂಬಾ ಸೆಕೆಯಂತೆ. ರಸ್ತೆ ಕರಗಿ ಚಪ್ಪಲಿ ಅಂಟ್ಕೊಳ್ಳುತ್ತಂತೆ, ನಿಜಾನಾ?"

"ಅತ್ತೆ ಮನೆ ಒಳಗೆ ತಂಪಾಗಿರುತ್ತೆ ಬಿಡೇ" ಎಂದಳು ಹೆಂಡತಿ.

ಒಳಗೆ ತಂಪಾಗಿರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಹುಡುಗನಾಗಿದ್ದಾಗ ಒಂದು ಬೇಸಿಗೆ ಅವನು ಆ ಮನೆಯಲ್ಲಿದ್ದ. ಎಂದರೆ ಆ ಮನೆಯ ಹಿಂದೆ ಇದ್ದ. ಅಕ್ಕನ ಕೋಣೆಗೆ ತಗಡಿನ ಸೂರು. ಅಲ್ಲಿಗೆ ಹತ್ತಲು ಹೊರಗೋಡೆಗೆ ಹೊಂದಿಸಿದ ಕಬ್ಬಿಣದ ಮೆಟ್ಟಿಲು. ಮಧ್ಯಾಹ್ನ ಅದರ ಕಂಬಿ ಹಿಡಿದರೆ ಅಂಗೈ ಚುರ್ ಅನ್ನುತ್ತಿತ್ತು. ಕೋಣೆಯ ಕಿಟಕಿಗೆ ಎದುರಾಗಿ ಯಜಮಾನರ ಮನೆಯ ತಂಪು ಯಂತ್ರದ ಬೆನ್ನು. ಅವರ ಒಳಗಿನ ಬಿಸಿಯನ್ನೆಲ್ಲ ಅದು ಇವರ ಕಿಟಕಿಗೆ ಉಗುಳುತ್ತಿತ್ತು. ಅಷ್ಟು ದೊಡ್ಡ ಊರನ್ನು ಅವನು ಕಂಡಿದ್ದು ಹಿಂಭಾಗದಿಂದ ಮಾತ್ರ.

ಈ ಭಾವ ಹುಟ್ಟಿದ್ದು ಒಂದೇ ಮಾತಿನಿಂದ. ಅವನ ಮದುವೆಯ ದಿನ ಅಕ್ಕ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೊರಟಳು. ಯಜಮಾನಿ ಉಟ್ಟುಬಿಟ್ಟ ರೇಷ್ಮೆ ಅವಳ ಮೈಮೇಲೆ ಹೊಸದರಂತೆ ಹೊಳೆಯುತ್ತಿತ್ತು. ಇನ್ನೆರಡು ದಿನ ಇರಿ ಎಂದು ಮದುಮಗಳು ಕೈ ಹಿಡಿದುಕೊಂಡಾಗ, "ಇಲ್ಲಮ್ಮ, ನಮ್ಮನೆಯವರು ಬಿಡಲ್ಲ" ಎಂದಳು.

ಯಾವ ಹೆಂಗಸು ಹಾಗೆಂದರೂ ಕೇಳಿದವರಿಗೆ ಅರ್ಥ ಒಂದೇ. ಗಂಡನ ಹೆಸರು ಬಾಯಲ್ಲಿ ಹೇಳದವರೆಲ್ಲ ಹಾಗೇ ಅನ್ನುತ್ತಾರೆ. ಅಕ್ಕನ ಬಾಯಲ್ಲಿ ಮಾತ್ರ ಅದು ತಾನು ಕಸ ಗುಡಿಸಿ, ಅಡಿಗೆ ಮಾಡಿ, ಮುದುಕಿಯ ಕಾಲು ತಿಕ್ಕುವ ಮನೆಯ ಜನ: ಯಜಮಾನ, ಯಜಮಾನಿ, ಅವರ ಗಂಡುಮಕ್ಕಳು, ಸೊಸೆ. ಗೌರವಕ್ಕೂ ಬಹುವಚನ, ಗುಂಪಿಗೂ ಬಹುವಚನ. ಮದುಮಗಳು ಒಬ್ಬ ಗಂಡಸನ್ನು ಕೇಳಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಭಾಷಾ ಉಪನ್ಯಾಸಕನಾದ ಮದುಮಗ ಎರಡನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು, ರೈಲಿಗೆ ಹೊತ್ತಾಯಿತು ಎಂದ.

ಆಮೇಲೆ ಭಾವ ತಾನಾಗಿಯೇ ಬೆಳೆದ. ಫೋನಿನಲ್ಲಿ ಅಕ್ಕ "ನಮ್ಮನೆಯವರಿಗೆ ಸಕ್ಕರೆ ಕಾಯಿಲೆ" ಅಂದಾಗ ಭಾವನಿಗೆ ಕಾಯಿಲೆ ಬಂತು. "ನಮ್ಮನೆಯವರು ವಿಮಾನದಲ್ಲಿ ಹೋದ್ರು" ಅಂದಾಗ ವ್ಯಾಪಾರ ಬಂತು. "ನಮ್ಮನೆಯವರಿಗೆ ಊಟಕ್ಕೆ ಐದು ನಿಮಿಷ ತಡ ಆದ್ರೂ ಆಗಲ್ಲ" ಅಂದಾಗ ಸಿಡುಕು ಬಂತು. ಹೆಂಡತಿಗೆ ಅತ್ತಿಗೆಯ ಮೇಲೆ ಕನಿಕರ. "ಎಷ್ಟು ದೊಡ್ಡ ಮನುಷ್ಯ ಆದ್ರೇನು, ಹೆಂಡ್ತೀನ ಒಂದು ಸಲ ತಮ್ಮನ ಮನೆಗೆ ಕಳಿಸದವನು!" ಎಂದು ಇಲ್ಲದವನ ಮೇಲೆ ಹರಿಹಾಯುತ್ತಿದ್ದಳು. ಅವನು ಪೇಪರು ಮಡಿಸಿ ಬೇರೆ ಪುಟ ತೆಗೆಯುತ್ತಿದ್ದ.

ಮೊನ್ನೆ ಅಕ್ಕನೇ ಫೋನು ಮಾಡಿ ಕುಣಿದಾಡುವ ದನಿಯಲ್ಲಿ ಹೇಳಿದ್ದಳು: "ನಮ್ಮನೆಯವರು ಬೇಸಿಗೆಗೆ ತಂಪು ಜಾಗಕ್ಕೆ ಹೋಗ್ತಾರೆ. ನಿನ್ನ ತಮ್ಮನ್ನ ಕರೆಸ್ಕೊಳ್ಳೇ ಅಂತ ಅವರೇ ಅಂದ್ರು. ಮಗೂನ ಕರ್ಕೊಂಡು ಬನ್ನಿ, ಹುಟ್ಟಿದಾಗಿಂದ ಮುಖ ನೋಡಿಲ್ಲ." ಕೇಳಿಸಿಕೊಂಡದ್ದು ಹೆಂಡತಿ. ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಪೆಟ್ಟಿಗೆಗಳು ಅಟ್ಟದಿಂದ ಇಳಿದಿದ್ದವು.

*

"ಬೇಸಿಗೇಲಿ ಆ ಊರಿಗೆ ಹೋಗೋರು ಎರಡೇ ಜಾತಿ" ಎಂದರು ಇತಿಹಾಸದ ಮೇಷ್ಟ್ರು, ಉತ್ತರಪತ್ರಿಕೆಯ ಕಟ್ಟಿನ ಮೇಲೆ ಚಹಾ ಲೋಟ ಇಡುತ್ತಾ. "ತಲೆ ಕೆಟ್ಟವರು, ಇಲ್ಲಾ ಅಲ್ಲಿ ಮನೆಗೆಲಸಕ್ಕಿರೋರು. ನೀವು ಯಾವ ಪೈಕಿ?"

ಉಪನ್ಯಾಸಕರ ಕೋಣೆ ನಕ್ಕಿತು. ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಜೋರಾಗಿ.

"ಅಕ್ಕನ ಮನೆ ಇದೆ ಸಾರ್."

"ಓಹೋ! ಬಂಗಲೆ ಅಕ್ಕ. ಹಂಗಾದ್ರೆ ನೀವು ಊರಿಗೆ ಹೋಗ್ತಿಲ್ಲ, ಫ್ರಿಜ್ಜಿಗೆ ಹೋಗ್ತಿದ್ದೀರಿ."

ಇದೇ ಕೋಣೆಯಲ್ಲಿ, ಇದೇ ಜನರ ನಡುವೆ, ಅವನು ದುಡಿಯುವವರ ಪರ. ವಾಚನ ಬಳಗದ ಸಭೆಗಳಲ್ಲಿ ಎದ್ದು ನಿಂತರೆ ಕುತ್ತಿಗೆಯ ನರ ಉಬ್ಬುತ್ತಿತ್ತು. ಬೆವರನ್ನು ಕುರಿತು ಅವನಷ್ಟು ಚೆನ್ನಾಗಿ ಮಾತಾಡುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ದುಡಿಯುವವರು ಬಹುವಚನದಲ್ಲಿ ಇರುವವರೆಗೆ ಅವನಿಗೇನೂ ತೊಂದರೆಯಿರಲಿಲ್ಲ.

ಎದ್ದು, ಪರೀಕ್ಷೆ ಮುಗಿದು ಖಾಲಿ ಬಿದ್ದಿದ್ದ ತರಗತಿಯೊಂದಕ್ಕೆ ಹೋಗಿ ಬಾಗಿಲು ಮುಂದೆ ಮಾಡಿದ. ಹಲಗೆಯ ಮೇಲೆ ಅವನದೇ ಅಕ್ಷರ ಅರ್ಧ ಅಳಿಸಿ ಉಳಿದಿತ್ತು: ಷಷ್ಠೀ ವಿಭಕ್ತಿ. ಪ್ರತಿವರ್ಷ ಮಾಡುವ ಪಾಠ, ಪ್ರತಿವರ್ಷದ ತಮಾಷೆ. ಒಡೆಯನ ನಾಯಿ ಅಂದರೂ ನಾಯಿ ಒಡೆಯನದೇ, ನಾಯಿಯ ಒಡೆಯ ಅಂದರೂ ನಾಯಿ ಒಡೆಯನದೇ. ಮಾತು ಹಿಂದುಮುಂದಾದರೂ ಕುತ್ತಿಗೆಪಟ್ಟಿ ಕುತ್ತಿಗೆ ಬದಲಿಸುವುದಿಲ್ಲ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಅಕ್ಕನಿಗೆ ಫೋನು ಮಾಡಿದ.

"ಹೇಳೋ ಪುಟ್ಟ. ಬೇಗ ಹೇಳು, ಪರದೆ ಒಗೀತಿದ್ದೆ, ಕೈಯೆಲ್ಲ ಸೋಪು. ನಿನ್ನೆ ತಾನೇ ಹೊರಟ್ರು ಎಲ್ಲರೂ."

"ಅಕ್ಕ, ನಾವು ಬಂದಾಗ ಮುಂಬಾಗಿಲಿಂದ ಕರ್ಕೊಂಡು ಹೋಗೋಕಾಗುತ್ತಾ?"

"ಮುಂಬಾಗಿಲಾ? ಬೀಗದ ಕೈ ನನ್ನ ಹತ್ರಾನೇ ಇದೆ. ಯಾಕೆ? ನಮ್ಮ ರೂಮಿಗೆ ಹಿಂದಿನ ಮೆಟ್ಟಿಲೇ ಸಲೀಸು."

"ರೂಮಿಗಲ್ಲ. ಮನೇಲೇ... ಇರೋಕೆ. ನೀನೂ."

ಆ ಕಡೆ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಅವಳಿಗೆ ಗೊತ್ತಿಲ್ಲ ಅಕ್ಕ."

"ಏನು ಗೊತ್ತಿಲ್ಲ?"

"ನೀನು ನಮ್ಮನೆಯವರು, ನಮ್ಮನೆಯವರು ಅಂತೀಯಲ್ಲ. ಅವಳು ಅದನ್ನ ಭಾವ ಅಂದ್ಕೊಂಡಿದ್ದಾಳೆ."

"ಯಾರ ಭಾವ?"

"ನನ್ನ ಭಾವ."

ನಲ್ಲಿ ನಿಂತಿತು.

"ಇಷ್ಟು ವರ್ಷ?"

"ಹೂಂ."

"ನೀನೇನೂ ಹೇಳ್ಲಿಲ್ವಾ?"

"ಸಂದರ್ಭ ಬರ್ಲಿಲ್ಲ."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ಕೆಮ್ಮು ಬರುವಷ್ಟು ನಕ್ಕಳು.

"ನಂಗೇ ಗೊತ್ತಿಲ್ಲದೆ ನನ್ನ ಮದುವೆ ಮಾಡ್ಬಿಟ್ಟಿದ್ದೀಯಲ್ಲೋ! ಊಟ ಕೂಡ ಹಾಕಿಸ್ಲಿಲ್ಲ. ಹೇಗಿದ್ದಾನೆ ನನ್ನ ಗಂಡ? ಕುಡೀತಾನಾ?"

"ಅಕ್ಕಾ."

"ಇಲ್ಲಪ್ಪ, ತಿಳ್ಕೊಂಡಿರ್ಬೇಕಲ್ಲ. ನಾಳೆ ಅವಳು ಕೇಳಿದ್ರೆ?"

"ಕುಡಿಯಲ್ಲ. ವ್ಯಾಪಾರ."

"ಸದ್ಯ." ನಗು ಸಣ್ಣಗಾಯಿತು. "ಮಗುಗೂ ಹಾಗೇ ಹೇಳಿದ್ದೀಯಾ?"

ಅವನು ಹಲಗೆ ನೋಡುತ್ತಿದ್ದ. "ನಾನೇನೂ ಹೇಳ್ಲಿಲ್ಲ. ಅದೇ ಅಂದ್ಕೊಂಡಿದೆ."

ಈ ಸಲ ಅವಳು ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳೇನೋ, ಫೋನು ಬಟ್ಟೆಗೆ ಉಜ್ಜಿದ ಸದ್ದಾಯಿತು.

"ಬೇಡ ಅಂದ್ರೆ ಹೇಳು" ಎಂದ ಅವನು ಆತುರವಾಗಿ. "ಮಗುಗೆ ಜ್ವರ ಅಂತ ಹೇಳಿ ನಿಲ್ಲಿಸ್ತೀನಿ."

"ಜ್ವರ ಗಿರ ಅನ್ಬೇಡ, ಬಾಯಿಗೆ ಬಂದದ್ದು. ಕರ್ಕೊಂಡು ಬಾ. ಮಗೂನ ನೋಡ್ಬೇಕು ನಾನು. ಯಜಮಾನಿ ಆಗ್ಬೇಕಾ, ಆಗ್ತೀನಿ. ಅವರು ಹೇಗೆ ಕೂತ್ಕೋತಾರೆ, ಹೇಗೆ ಕರೀತಾರೆ, ನಂಗೇನು ಗೊತ್ತಿಲ್ವಾ? ಒಂದೇ ಕಷ್ಟ. ಆ ನಾಯಿ."

"ಯಾವ ನಾಯಿ?"

"ನಮ್ಮನೆ ನಾಯಿ ಕಣೋ. ಅದನ್ನ ಇಲ್ಲೇ ಬಿಟ್ಟು ಹೋಗಿದ್ದಾರೆ. ನನ್ನ ಕೈಲೇ ತಿನ್ನುತ್ತೆ, ನನ್ನ ಕಾಲ ಮೇಲೇ ಮಲಗುತ್ತೆ. ನೆಲದ ಮೇಲೆ ಕೂತ್ರೆ ಮಡಿಲಿಗೇ ಬರುತ್ತೆ. ಸೋಫಾ ಮೇಲೆ ಕೂತ್ರೆ ಮಾತ್ರ ಬೊಗಳುತ್ತೆ. ಏಳೋವರೆಗೂ ಬಿಡಲ್ಲ."

"ಕೂತು ನೋಡಿದ್ದೀಯಾ?"

"ಇಷ್ಟು ವರ್ಷ ಆಯ್ತು ಮಾರಾಯ, ನೋಡದೆ ಇರ್ತೀನಾ?"

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಅದಕ್ಕೇನು, ಅಭ್ಯಾಸ ಮಾಡಿಸ್ತೀನಿ ಬಿಡು. ಇವತ್ತಿಂದ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕೂತ್ಕೋತೀನಿ. ನೀವು ಬರೋ ಹೊತ್ತಿಗೆ ಸುಮ್ಮನಾಗುತ್ತೆ. ಇಡ್ಲಾ? ಪರದೆ ನೀರಲ್ಲೇ ಇದೆ."

ಇಟ್ಟಳು. ಅವನು ಒರೆಸುವ ಬಟ್ಟೆ ಹುಡುಕಿದ, ಸಿಗಲಿಲ್ಲ. ಅಂಗೈಯಿಂದಲೇ ಹಲಗೆ ಒರೆಸಿದ. ಅಕ್ಷರ ಹೋಗದೆ ಬಿಳಿಯ ಮಬ್ಬಾಗಿ ಹರಡಿಕೊಂಡಿತು. ಕೈಯೂ ಬೆಳ್ಳಗಾಯಿತು.

*

ಅಂಗಡಿಯವನು ಅಂಗಿಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಬಿಚ್ಚಿ ಹರಡುತ್ತಿದ್ದ.

"ಭಾವ ನಿಮಗಿಂತ ದಪ್ಪನಾ?" ಎಂದು ಕೇಳಿದಳು ಹೆಂಡತಿ.

ಹೇಳುವುದಾದರೆ ಈಗಲೇ ಹೇಳಬೇಕು. ಹೆಂಡತಿ ಕೆಟ್ಟವಳಲ್ಲ. ಕೇಳಿದರೆ ಒಂದು ಗಳಿಗೆ ಬಾಯಿ ತೆರೆದುಕೊಂಡು ನಿಂತಾಳು. ಆಮೇಲೆ ಅಂಗಿ ಬಿಟ್ಟು ಅತ್ತಿಗೆಗೆ ಸೀರೆ ಆರಿಸಿಯಾಳು. ತಗಡಿನ ಸೂರಿನ ಕೆಳಗೆ ಮಲಗಲೂ ಅವಳು ಹಿಂಜರಿಯುವವಳಲ್ಲ. ಇದು ಅವನಿಗೆ ಖಂಡಿತವಾಗಿ ಗೊತ್ತಿತ್ತು. ನಾಚಿಕೆಗೆ ಹೆಂಡತಿಯನ್ನಾಗಲಿ ಮಗಳನ್ನಾಗಲಿ ನೆಪ ಮಾಡುವಂತಿರಲಿಲ್ಲ. ಅದು ಅವನೊಬ್ಬನದೇ, ಅಪ್ಪಟ ಸ್ವಂತ ಆಸ್ತಿ.

"ಭಾವ ಅಂದ್ರೆ..." ಎಂದ.

"ಹಾಂ?"

ಅಂಗಡಿಯವನೂ ಕೈ ನಿಲ್ಲಿಸಿ ಅವನ ಮುಖ ನೋಡಿದ.

"ತಿಳಿ ಬಣ್ಣ ಇಷ್ಟ" ಎಂದ.

"ನೋಡಿದ್ರಾ, ಈಗ ಬಾಯಿಬಿಟ್ರು!" ಎಂದು ಹೆಂಡತಿ ಅಂಗಡಿಯವನಿಗೆ ಹೇಳಿ, ತಿಳಿನೀಲಿಯದೊಂದನ್ನು ಎತ್ತಿಕೊಂಡಳು.

ಮನೆಗೆ ಬಂದ ಮೇಲೂ ಅವಳಿಗೆ ಸಮಾಧಾನವಿಲ್ಲ. "ತೋಳು ಗಿಡ್ಡ ಅನ್ಸುತ್ತೆ. ಒಂದು ಸಲ ಹಾಕ್ಕೊಳ್ಳಿ."

"ನನಗ್ಯಾಕೆ?"

"ಅಂದಾಜು ಸಿಗುತ್ತೆ. ಮಡಿಕೆ ಹಾಳು ಮಾಡ್ಬೇಡಿ, ಹಾಗೇ ವಾಪಸ್ ಇಡ್ಬೇಕು."

ಹಾಕಿಕೊಂಡ. ಕಾಲರಿನೊಳಗಿನ ರಟ್ಟು ಗದ್ದವನ್ನು ಮೇಲಕ್ಕೆ ಒತ್ತಿತು. ಹೊಸ ಬಟ್ಟೆಯ ಗಂಜಿ ವಾಸನೆ. ಬೆನ್ನಿನ ಕಡೆ, ತೋಳಿನ ಕಡೆ ಇನ್ನೂ ತೆಗೆಯದ ಗುಂಡುಸೂಜಿಗಳು ತಣ್ಣಗೆ ತಾಗುತ್ತಿದ್ದವು. ಕುರ್ಚಿಯಲ್ಲಿ ಬೆನ್ನು ತಾಗಿಸದೆ ಕೂತ. ಮಗಳು ನಕ್ಷೆಯಿಂದ ತಲೆಯೆತ್ತಿ, "ಅಪ್ಪ ಮಾವ ಆಗಿದ್ದಾನೆ" ಎಂದು ಚಪ್ಪಾಳೆ ತಟ್ಟಿದಳು.

ಆಗ ಫೋನು ಬಂತು. ಹೆಂಡತಿ ಎತ್ತಿ, ಎಲ್ಲರಿಗೂ ಕೇಳುವಂತೆ ಜೋರು ಮಾಡಿ ಮೇಜಿನ ಮೇಲಿಟ್ಟಳು.

"ಏನಮ್ಮ, ಚೆನ್ನಾಗಿದ್ದೀರಾ?"

ಅಕ್ಕನ ದನಿ ಬೇರೆಯಾಗಿತ್ತು. ಅವಸರವಿರಲಿಲ್ಲ. ಮಾತಿನ ನಡುವೆ ಜಾಗ ಬಿಡುತ್ತಿದ್ದಳು. ಆ ದನಿಯನ್ನು ಅವನು ಒಂದು ಬೇಸಿಗೆ ಪೂರ್ತಿ ಹಿಂದಿನ ಕಿಟಕಿಯಿಂದ ಕೇಳಿದ್ದ. ಅದು ಯಜಮಾನಿಯ ದನಿ.

"ಚೆನ್ನಾಗಿದ್ದೀವಿ ಅತ್ತಿಗೆ. ಭಾವ ಊರಿಗೆ ಹೋದ್ರಾ?"

"ಹೋದ್ರಮ್ಮ. ಈಗ ಸ್ವಲ್ಪ ಆರಾಮು ನೋಡು. ಸುಮ್ಮನೆ ಹೀಗೇ ಕೂತಿದ್ದೆ, ಸೋಫಾ ಮೇಲೆ."

ಬೊಗಳುವುದು ಶುರುವಾಯಿತು. ದೊಡ್ಡ ನಾಯಿ. ದೊಡ್ಡ ಮನೆ, ಸದ್ದು ಗೋಡೆಗಳಿಗೆ ಬಡಿದು ಎರಡೆರಡಾಗಿ ಬರುತ್ತಿತ್ತು.

"ಅಯ್ಯೋ, ಅದೇನು ಅತ್ತಿಗೆ, ಆ ಪರಿ ಬೊಗಳ್ತಿದೆ?"

"ಏನಿಲ್ಲಮ್ಮ."

"ಯಾರೋ ಹೊರಗಿನವರು ಒಳಗೆ ಬಂದಿರ್ಬೇಕು, ನೋಡಿ."

ಆ ಕಡೆ ಸ್ವಲ್ಪ ಹೊತ್ತು ನಾಯಿಯದೇ ಮಾತು.

"ಇರ್ಬೇಕು" ಎಂದಳು ಅಕ್ಕ.

ಮಗಳು ಓಡಿ ಬಂದು ಮೇಜಿಗೆ ಗದ್ದ ಊರಿದಳು. "ಅತ್ತೇ! ನಿಮ್ಮನೇಲಿ ನಾಯಿ ಇದ್ಯಾ?" ಎಂದು ಕಿರುಚಿ, ಉತ್ತರಕ್ಕೂ ಕಾಯದೆ, ಫೋನಿಗೆ ಬಾಯಿಟ್ಟು ತಾನೂ ಬೊಗಳಿದಳು. ಆ ಕಡೆಯ ನಾಯಿ ಇನ್ನಷ್ಟು ಏರಿತು. ಇವಳೂ ಏರಿದಳು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ರೀ, ಯಾಕೆ ಎದ್ರಿ? ಕೂತ್ಕೊಳ್ಳಿ" ಎಂದಳು, ನಗುವಿನ ನಡುವೆ.

ಯಾವಾಗ ಎದ್ದನೋ ಅವನಿಗೆ ತಿಳಿದಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ, ಇಲ್ಲದವನ ಅಂಗಿಯಲ್ಲಿ, ಕೈ ಎರಡೂ ಪಕ್ಕಕ್ಕೆ ಬಿಟ್ಟು, ಕರೆದರೆ ಬರಲು ಸಿದ್ಧನಾದವನಂತೆ ನಿಂತಿದ್ದ. ಉಸಿರಾಡಿದಾಗಲೆಲ್ಲ ಸೂಜಿಯೊಂದು ಬೆನ್ನಿಗೆ ತಾಗುತ್ತಿತ್ತು.

ಆ ಕಡೆ ನಾಯಿ ನಿಲ್ಲಿಸಿರಲಿಲ್ಲ. ಅಕ್ಕ ಇನ್ನೂ ಕೂತೇ ಇದ್ದಳು.