ಕಾಲಿಗೆ ಬುದ್ಧಿ ಹೇಳಿದ ಮೇಷ್ಟ್ರು

ಪರೀಕ್ಷೆಯ ದಿನ ಮಕ್ಕಳಿಗೆ ಹೊಟ್ಟೆನೋವು ಬರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಒಬ್ಬ ಕ್ಷೌರಿಕನ ಮಗಳಿಗೆ ಆಟದ ದಿನ ಹೊಟ್ಟೆನೋವು ಬರತೊಡಗಿತು.

ಎಂಟು ವರ್ಷದ ಹುಡುಗಿ, ಮೂರನೇ ಕ್ಲಾಸು. ನಡೆಯಲು ಕಲಿತಾಗಿನಿಂದ ಓಡುತ್ತಲೇ ಇದ್ದವಳು. ಅಂಗಡಿಗೆ ಒಗೆದ ಟವಲ್ಲು ತರುವುದಿರಲಿ, ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋಗುವುದಿರಲಿ, ಓಟವೇ. ಅಪ್ಪ ಅವಳನ್ನು ಜಿಂಕೆ ಎಂದೇ ಕರೆಯುತ್ತಿದ್ದ.

“ನೋಡ್ತಾ ಇರಿ, ನನ್ನ ಜಿಂಕೆ ಒಂದಿನ ದೊಡ್ಡ ದೊಡ್ಡ ಮೈದಾನದಲ್ಲಿ ಓಡ್ತಾಳೆ” ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಕತ್ತರಿಯ ಕೆಳಗೆ ತಲೆ ಕೊಟ್ಟು ಕೂತವರು ಹೌದೆನ್ನದೆ ಇನ್ನೇನು ಅಂದಾರು?

ಅಂಗಡಿ ತೆರೆಯುವ ಮೊದಲು ಅವಳನ್ನು ಎಬ್ಬಿಸಿ ಡಾಂಬರು ರಸ್ತೆಯಲ್ಲಿ ಓಡಿಸುತ್ತಿದ್ದ. ಹಿಂದೆ ಸೈಕಲ್ಲಿನಲ್ಲಿ ತಾನು. ಅವಳು ನಿಧಾನವಾದರೆ ಟ್ರಿಣ್ ಟ್ರಿಣ್ ಎಂದು ಬೆಲ್ಲು.

“ಇನ್ನೂ ಮಗು ಕಣ್ರೀ ಅದು” ಎಂದು ಹೆಂಡತಿ ಅಂದರೆ, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?” ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಆ ವರ್ಷ ಶಾಲೆಗೆ ಹೊಸದಾಗಿ ಆಟದ ಮೇಷ್ಟ್ರು ಬಂದರು. ಸಣ್ಣ ಕ್ಲಾಸಿನ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದರು. ಒಂಟಿ ಕಾಲಲ್ಲಿ ನಿಲ್ಲಿಸಿದರು. ಹಳೆಯ ಟೈರುಗಳ ನಡುವೆ ಓಡಿಸಿದರು. ಎಗರಿದಾಗ ಮಂಡಿ ಬಗ್ಗಿಸಿ ಇಳಿಯುವುದನ್ನು ಕಲಿಸಿದರು, ಬಟ್ಟೆಯ ಚೆಂಡು ಎಸೆಯಿಸಿದರು. ಕೊನೆಗೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಒಬ್ಬರಿಂದ ಒಬ್ಬರಿಗೆ ಕೋಲು ಕೊಡುವ ರಿಲೇ ಓಟ. ಯಾರಿಗೂ ಫಸ್ಟು ಸೆಕೆಂಡು ಇಲ್ಲ.

ಕಾಂಪೌಂಡಿನಾಚೆ ನಿಂತು ನೋಡಿದ ಕ್ಷೌರಿಕನಿಗೆ ಇದು ಸರಿಬರಲಿಲ್ಲ. “ಮೀನಿನ ಮರಿಗೆ ಈಜು ಕಲಿಸೋಕೆ ಹೊರಟಿದಾರೆ. ಓಟ ಅಂದ್ರೆ ಓಟ, ಅದರಲ್ಲಿ ಕಲಿಸೋಕೇನಿದೆ?”

ಜಿಂಕೆಯ ಗುಂಪಿನಲ್ಲಿ ಅವಳದು ಮೂರನೇ ಸರದಿ. ಕೊನೆಯವನು ಗುಂಡ. ಪಕ್ಕದ ಮನೆಯ ದರ್ಜಿಯ ಮಗ, ಅವಳದೇ ವಯಸ್ಸು. ಮೈ ಸ್ವಲ್ಪ ಭಾರ, ಹೆಜ್ಜೆ ನಿಧಾನ. ಇಬ್ಬರೂ ದಿನಾ ಒಟ್ಟಿಗೆ ಶಾಲೆಗೆ ಹೋಗುವವರು. ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು “ಬಾರೇ” ಎಂದರೆ ಇವಳು ಒಂದು ಚಪ್ಪಲಿ ಕೈಯಲ್ಲಿ ಹಿಡಿದೇ ಓಡುತ್ತಿದ್ದಳು.

ಶಾಲೆಯ ಆಟೋಟದ ದಿನ ಹತ್ತಿರವಾಯಿತು. ಒಂದು ಸಂಜೆ ಅಭ್ಯಾಸ ನಡೆದಿತ್ತು. ಗುಂಡ ಮೇಷ್ಟ್ರು ಹೇಳಿಕೊಟ್ಟ ಹಾಗೆ ಮುಂದೆ ನೋಡುತ್ತಾ, ಕೈ ಹಿಂದಕ್ಕೆ ಚಾಚಿ ನಿಂತಿದ್ದ. ಜಿಂಕೆ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ಬರುತ್ತಿದ್ದಳು.

“ಅವನಿಗೆ ಕೊಡಬೇಡ, ನೀನೇ ಓಡು!” ಕಾಂಪೌಂಡಿನಾಚೆಯಿಂದ ಅಪ್ಪನ ದನಿ.

ಹುಡುಗಿ ಒಂದು ಕ್ಷಣ ತಡವರಿಸಿದಳು. ಆಮೇಲೆ ಗುಂಡನನ್ನು ದಾಟಿ ಓಡಿಬಿಟ್ಟಳು. ಗೆರೆ ಮುಟ್ಟಿದಾಗ ಎಲ್ಲರಿಗಿಂತ ಮುಂದೆ ಅವಳೇ. ಚಪ್ಪಾಳೆ ತಟ್ಟಿದ್ದು ಮಾತ್ರ ಒಬ್ಬನೇ, ಅದೂ ಕಾಂಪೌಂಡಿನಾಚೆ. ಗುಂಡ ಆಗಲೂ ಕೈ ಹಿಂದಕ್ಕೆ ಚಾಚಿಯೇ ನಿಂತಿದ್ದ.

ಮಾರನೆಯ ದಿನ ಅವನು ಬಾಗಿಲಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಹುಡುಗಿಗೆ ಊಟ ಸೇರದಾಯಿತು. ಆಟದ ದಿನ ಹೊಟ್ಟೆನೋವು. ಹಿಮ್ಮಡಿಯೂ ನೋಯುತ್ತಿದೆ ಎಂದು ಗೋಡೆ ಹಿಡಿದು ನಡೆಯತೊಡಗಿದಳು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಮಗಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಅಲ್ಲಿನ ನರ್ಸಕ್ಕ ಹಿಮ್ಮಡಿ ಒತ್ತಿ ನೋಡಿದರು, ಡಾಕ್ಟರಿಗೂ ತೋರಿಸಿದರು. ಮಗುವನ್ನು ಹತ್ತಿರ ಕೂರಿಸಿಕೊಂಡು ಅದೂ ಇದೂ ಕೇಳಿದರು. ಆಮೇಲೆ ತಾಯಿಗೆ ಹೇಳಿದರು: “ಬೆಳೆಯೋ ಮೂಳೆ ಕಣಮ್ಮ. ಗಟ್ಟಿ ರಸ್ತೆ ಮೇಲೆ ದಿನಾ ಒಂದೇ ಥರ ಓಡಿಸಿದ್ರೆ ನೋಯುತ್ತೆ. ನೋವು ಹೋಗೋವರೆಗೂ ಓಟ ಬೇಡ. ಈ ಹೊಟ್ಟೆನೋವು ನೋಡಿ, ಅದು ಹೊಟ್ಟೇದಲ್ಲ ಅನ್ಸುತ್ತೆ. ಮಗು ಹೆದರಿದೆ.”

ಅಂದು ಸಂಜೆ ಗಂಡ ಬಂದಾಗ ಹೆಂಡತಿ ನರ್ಸಕ್ಕ ಹೇಳಿದ್ದನ್ನೆಲ್ಲ ತಿಳಿಸಿದಳು, ದನಿ ಏರಿಸಲಿಲ್ಲ.

“ಬೀದೀಲಿ ಯಾರದೋ ಸೈಕಲ್ ಬೆಲ್ ಆದ್ರೂ ಮಗಳು ನನ್ನ ಕೈ ಗಟ್ಟಿಯಾಗಿ ಹಿಡ್ಕೋತಾಳೆ” ಎಂದಳು. “ನಿಮಗೆ ಗೊತ್ತಿರಲಿ ಅಂತ ಹೇಳ್ದೆ.”

ಮಾರನೆಯ ಬೆಳಿಗ್ಗೆ ಅವನು ಮಗಳನ್ನು ಓಟಕ್ಕೆ ಎಬ್ಬಿಸಲಿಲ್ಲ.

ಆ ಭಾನುವಾರ ಆಟದ ಮೇಷ್ಟ್ರೇ ಶೇವಿಂಗಿಗೆ ಅಂಗಡಿಗೆ ಬಂದರು. ಕ್ಷೌರಿಕ ನೊರೆ ಹಚ್ಚಿ, ಗದ್ದಕ್ಕೆ ಕತ್ತಿ ಇಟ್ಟು ಕೇಳಿದ: “ಮೇಷ್ಟ್ರೇ, ಇಷ್ಟು ಸಣ್ಣ ಮಕ್ಕಳಿಗೆ ಓಟದಲ್ಲಿ ಕಲಿಸೋದೇನಿದೆ?”

ಮೇಷ್ಟ್ರು ಬೆರಳೆತ್ತಿ ತಾಳು ಎಂಬಂತೆ ಸನ್ನೆ ಮಾಡಿದರು. ಕತ್ತಿ ಕುತ್ತಿಗೆಯಿಂದ ದೂರವಾದ ಮೇಲೆ ಉಸಿರು ಬಿಟ್ಟು ಹೇಳಿದರು: “ಇಂಥ ಪ್ರಶ್ನೆಗೆ ಕತ್ತಿ ಕೆಳಗಿಟ್ಟಾಗಲೇ ಉತ್ತರ ಕೊಡೋದು ವಾಸಿ.”

ಇಬ್ಬರೂ ನಕ್ಕರು. ಮೇಷ್ಟ್ರು ಮುಖ ಒರೆಸಿಕೊಂಡರು.

“ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಓಡಿಹೋಗೋದು ಅಂತ ನಾವು ಆಡ್ಕೋತೀವಿ. ನಾನು ಮಾಡೋ ಕೆಲಸ ನಿಜವಾಗ್ಲೂ ಅದೇ. ಹೇಗೆ ನಿಲ್ಲಬೇಕು, ಎಗರಿದ್ರೆ ಹೇಗೆ ಇಳೀಬೇಕು, ಬಿದ್ರೆ ಹೇಗೆ ಬೀಳಬೇಕು ಅಂತ ಮಕ್ಕಳ ಕಾಲಿಗೆ ಬುದ್ಧಿ ಹೇಳ್ತೀನಿ. ಈ ವಯಸ್ಸಲ್ಲಿ ಓಟ, ನೆಗೆತ, ಎಸೆತ ಎಲ್ಲ ಸ್ವಲ್ಪ ಸ್ವಲ್ಪ ಆಗ್ಬೇಕು. ಸ್ವಲ್ಪ ಓಡಿದ ಮೇಲೆ ದಣಿವಾರಿಸ್ಕೊಂಡು ನೀರು ಕುಡೀಬೇಕು. ಮುಖ್ಯವಾಗಿ ಅವರು ನಗ್ತಾ ಇರಬೇಕು.”

“ಗೆಲ್ಲೋದು ಬೇಡ್ವಾ ಹಾಗಾದ್ರೆ?”

“ಗೆಲ್ಲಲಿ, ಬೇಡ ಅಂದವರಾರು? ಆದ್ರೆ ಒಬ್ಬಳೇ ಗೆದ್ದು ಮನೆಗೆ ಬಂದು ಅಳೋ ಗೆಲುವು ಯಾಕೆ? ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ಗಾಡಿ ಹೋಗಲ್ಲ. ಕೂಡಿ ಮಾಡೋದನ್ನೂ ಕಲಿಸಬೇಕು ಸ್ವಾಮಿ, ತಾನಾಗೇ ಬರಲ್ಲ. ಶನಿವಾರ ಅಪ್ಪ ಅಮ್ಮಂದಿರಿಗೂ ಓಟ ಇಟ್ಟಿದೀನಿ. ಬನ್ನಿ.”

ಶನಿವಾರ ಕ್ಷೌರಿಕ ಹೋದ. ದೊಡ್ಡವರಿಗೆ ರಿಲೇ ಕಲಿಸಲು ಮೇಷ್ಟ್ರು ಮಕ್ಕಳನ್ನೇ ನಿಲ್ಲಿಸಿದ್ದರು. ಇವನ ಪಾಲಿಗೆ ಬಂದವನು ಗುಂಡ.

ಮೊದಲ ಸಲ ಕ್ಷೌರಿಕ ಹಿಂತಿರುಗಿ ನೋಡಿ ಕೋಲು ಕಸಿಯಲು ಹೋಗಿ ಬೀಳಿಸಿದ. ಎರಡನೇ ಸಲವೂ ಬೀಳಿಸಿದ.

“ಮಾಮ, ತಿರುಗಿ ನೋಡಬೇಡಿ” ಎಂದು ಗುಂಡ ತಾಳ್ಮೆಯಿಂದ ಹೇಳಿದ. “ಕೈ ಹಿಂದಿಟ್ಟು ಮುಂದೆ ನೋಡಿ. ಬರೋರು ಕೊಟ್ಟೇ ಕೊಡ್ತಾರೆ.”

“ಕೊಡದೇ ಹೋದ್ರೆ?”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಗುಂಡ ಕೋಲನ್ನು ತಿರುಗಿಸುತ್ತಾ ಯೋಚಿಸಿದ. “ಕೊಡದೇ ಹೋದ್ರೆ ತುಂಬ ಬೇಜಾರಾಗುತ್ತೆ ಮಾಮ.”

ಕ್ಷೌರಿಕ ಅವನ ಮುಂದೆ ಮಂಡಿಯೂರಿ ಕೂತ. “ತಪ್ಪು ನಂದು ಮಗಾ, ಅವಳದ್ದಲ್ಲ. ನಾನೇ ಕೂಗಿದ್ದು.”

“ಗೊತ್ತು ಮಾಮ. ನನಗೂ ಕೇಳಿಸ್ತು.”

ಹಿಮ್ಮಡಿ ನೋವೆಂದು ಕಟ್ಟೆಯ ಮೇಲೆ ಕೂತಿದ್ದ ಜಿಂಕೆ ಇದನ್ನೆಲ್ಲ ನೋಡುತ್ತಿದ್ದಳು. ಗುಂಡ ಹೋಗಿ ಅವಳ ಪಕ್ಕ ಕೂತ. ಅವಳು ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು. ಅವನು ಅರ್ಧ ಕುಡಿದು ವಾಪಸ್ ಕೊಟ್ಟ. ಮಕ್ಕಳ ರಾಜಿ ಅಷ್ಟಕ್ಕೇ ಮುಗಿಯಿತು.

ಆಟೋಟದ ದಿನದ ಹೊತ್ತಿಗೆ ಹಿಮ್ಮಡಿ ನೋವು ಹೋಗಿತ್ತು, ನರ್ಸಕ್ಕನೂ ಓಡಬಹುದು ಅಂದಿದ್ದರು. ರಿಲೇಯಲ್ಲಿ ಜಿಂಕೆ ಎಲ್ಲರಿಗಿಂತ ಮುಂದೆ ಬಂದು “ತಗೋ” ಎಂದು ಗುಂಡನ ಕೈಗೆ ಕೋಲು ಇಟ್ಟಳು. ಗುಂಡ ಕೋಲು ಬೀಳಿಸಲಿಲ್ಲ. ಮೈಯೆಲ್ಲ ಕಾಲಾಗಿ ಓಡಿದ. ಇಬ್ಬರು ಅವನನ್ನು ದಾಟಿದರು, ಮೂರನೆಯವನಾಗಿ ಗೆರೆ ಮುಟ್ಟಿದ. ಗುಂಪಿನ ಮೂವರೂ ಓಡಿಬಂದು ಅವನ ಮೇಲೆ ಬಿದ್ದರು. ನಾಲ್ವರೂ ನೆಲದ ಮೇಲೆ ಉರುಳಾಡಿ ನಕ್ಕರು.

ಕ್ಷೌರಿಕ ಈ ಸಲ ಕಾಂಪೌಂಡಿನ ಒಳಗಿದ್ದ. ಮೇಷ್ಟ್ರ ಬಳಿ ಹೋಗಿ ಕೈ ಹಿಡಿದುಕೊಂಡ.

“ನಿಮ್ಮ ಹೊಟ್ಟೆ ತಣ್ಣಗಿರಲಿ ಮೇಷ್ಟ್ರೇ. ಮಗಳು ಹೀಗೆ ನಕ್ಕಿದ್ದನ್ನ ನೋಡಿ ಎಷ್ಟು ಕಾಲ ಆಗಿತ್ತೋ.”

“ನನಗೊಬ್ಬನಿಗೇ ಯಾಕೆ ಹೇಳ್ತೀರಿ? ಬೇರೆಯವರೂ ಇದಾರಲ್ಲ.”

ಕ್ಷೌರಿಕ ದರ್ಜಿಯ ಬಳಿ ಹೋಗಿ ಅವನ ಮಗನ ಗುಣ ಹೊಗಳಿದ. ದಾರಿಯಲ್ಲಿ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ನರ್ಸಕ್ಕನಿಗೆ ಕೈ ಮುಗಿದ. ಮನೆ ಹತ್ತಿರವಾದಾಗ ಹೆಂಡತಿಗೆ ಮೆಲ್ಲಗೆ, “ಅವತ್ತು ನೀನು ಹೇಳ್ದೆ ಇದ್ದಿದ್ರೆ ನನಗೆ ತಿಳೀತಾನೇ ಇರಲಿಲ್ಲ” ಎಂದ. ಅವಳು, “ಹೋಗ್ಲಿ ಬಿಡಿ, ಈಗ ತಿಳೀತಲ್ಲ” ಎಂದು ಅವನ ತೋಳಿಗೆ ಮೆಲ್ಲನೆ ತಟ್ಟಿದಳು. ಈಗ ಪ್ರತಿ ಶನಿವಾರ ಅಂಗಡಿ ಸ್ವಲ್ಪ ತಡವಾಗಿ ತೆರೆಯುತ್ತದೆ. ಮಕ್ಕಳು ನೆಗೆಯುವಾಗ ಹಗ್ಗದ ಒಂದು ತುದಿ ಹಿಡಿಯುವವನು ಕ್ಷೌರಿಕನೇ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಕ್ಕಳನ್ನೂ ಆಟಕ್ಕೆ ಕಳಿಸಿ. ಚುರುಕಾದವರನ್ನೂ ಕಳಿಸಿ, ನಿಧಾನದವರನ್ನೂ ಕಳಿಸಿ. ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ನೋವು ಎಂದರೆ ನಂಬಿ, ನಿಲ್ಲಿಸಿ, ತೋರಿಸಿ. ಬಿಡುವಾದಾಗ ಮೈದಾನಕ್ಕೆ ಹೋಗಿ ಮೇಷ್ಟ್ರಿಗೆ ಒಂದು ಕೈ ನೆರವಾಗಿ. ಮಗು ಮನೆಗೆ ಬಂದಾಗ “ಎಷ್ಟನೆಯವಳಾಗಿ ಬಂದೆ?” ಎಂದು ಕೇಳಬೇಡಿ, “ಯಾರ ಜೊತೆ ಆಡಿದೆ?” ಎಂದು ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಉತ್ತರ ಉದ್ದವಾಗಿರುತ್ತದೆ.