ಉಗಿಬಾವಿಯ ಬಳಿ ಕೈಮಾತು

ಅಪ್ಪನ ಕಿವಿ ಮಂದವಾದದ್ದು ಉಗಿಬಾವಿಯ ದೆಸೆಯಿಂದ. ನೆಲದಾಳದ ಕಾವಿನಿಂದ ಕರೆಂಟು ತೆಗೆಯುವ ಸ್ಥಾವರದಲ್ಲಿ ಬಾವಿಗಳ ವಾಲ್ವು ತೆರೆದು ಮುಚ್ಚುವುದು ಅವನ ಕೆಲಸ. ಭೂಮಿಯ ಹೊಟ್ಟೆಯಿಂದ ಉಗಿ ನುಗ್ಗುವ ಆರ್ಭಟವನ್ನು ವರ್ಷಗಟ್ಟಲೆ ಕೇಳಿ, ಈಗ ಮನೆಯಲ್ಲಿ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಸೋದರತ್ತೆಗೆ ಅದೇನೂ ಕಷ್ಟವಲ್ಲ. ಅವಳು "ಅಣ್ಣಾ, ಉಪ್ಪು ಸಾಕಾ?" ಅಂದರೆ ಬೀದಿಯ ಕೊನೆಮನೆಯವರು "ಸಾಕು" ಅನ್ನುತ್ತಿದ್ದರು.

ಕಷ್ಟವೆಲ್ಲ ಮಗಳಿಗೆ. ಅದೇ ಸ್ಥಾವರದಲ್ಲಿ ಬಾವಿನೀರನ್ನು ಬಾಟಲಿಗೆ ಹಿಡಿದು ಪರೀಕ್ಷಿಸುವವಳು ಅವಳು. ಅವಳ ದನಿಯೋ, ಪಕ್ಕದಲ್ಲಿ ಕೂತವರಿಗೂ ಕೇಳಿಸದು.

ಭಾನುವಾರ ಅತ್ತೆ ಗೊತ್ತುಮಾಡಿದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಅಪ್ಪನಿಗೆ ಸ್ಥಾವರದಲ್ಲಿ ತಾನು ಮೆಚ್ಚಿದ ವೆಲ್ಡರ್‌ನ ವಿಷಯ ಹೇಳಬೇಕು. ಇಲ್ಲದಿದ್ದರೆ ಬಾಯಿಲ್ಲದವಳ ಮದುವೆಯನ್ನು ಬಾಯಿದ್ದವರು ಮಾಡಿ ಮುಗಿಸುತ್ತಾರೆ.

"ಅಪ್ಪಾ, ನನಗೆ..."

"ಹಾಂ? ಜೋರಾಗಿ ಹೇಳು ಮಗಾ!"

ಕಿಟಕಿಯಾಚೆ ಪಕ್ಕದ ಮನೆಯಾಕೆ ಬಟ್ಟೆ ಹರವುವುದನ್ನು ನಿಲ್ಲಿಸಿದಳು.

"ನೀರು ಬೇಕಾ ಅಂದೆ."

ಆ ವಾರವೆಲ್ಲ ಪಾಪ, ಅಪ್ಪ ಬಾಯಾರದೆಯೇ ನೀರು ಕುಡಿದ.

ಶುಕ್ರವಾರ ಹೊಸ ಬಾವಿಯ ಪರೀಕ್ಷೆ. ಬಿಳಿ ಉಗಿ ಆಕಾಶಕ್ಕೆ ಭೋರ್ಗರೆಯುತ್ತಿತ್ತು. ಎಲ್ಲರ ಕಿವಿಗೂ ಮುಚ್ಚಳ, ಮಾತೆಲ್ಲ ಕೈಯಲ್ಲೇ. ಮುಷ್ಟಿ ಎತ್ತಿದರೆ 'ನಿಲ್ಲು'. ಅಂಗೈಯನ್ನು ಮೆಲ್ಲಗೆ ಮೇಲೆತ್ತಿದರೆ 'ತೆರೆ, ನಿಧಾನ'. ಎರಡು ಮುಷ್ಟಿ ಕೂಡಿಸಿದರೆ 'ಪೈಪು ಜೋಡಿಸು'. ಮುಖದ ಮೇಲೆ ಮುಸುಕು ಎಳೆದಂತೆ ಮಾಡಿದರೆ 'ವೆಲ್ಡರ್‌ನನ್ನು ಕರೆ'. ಇಲ್ಲಿ ಅಪ್ಪನಷ್ಟು ಚುರುಕಾಗಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಬಾಟಲಿ ತುಂಬಿ ಏಳುವಾಗ ಅವಳಿಗೆ ಇದು ಹೊಳೆಯಿತು. ಅಪ್ಪನ ಎದುರು ನಿಂತು ಮುಖದ ಮೇಲೆ ಮುಸುಕು ಎಳೆದಳು.

ಅಪ್ಪ ಗಾಬರಿಯಿಂದ ಪೈಪುಗಳತ್ತ ನೋಡಿದ. ಎಲ್ಲಿ ಸೋರುತ್ತಿದೆ?

ಅವಳು ಅಲ್ಲವೆಂದು ತಲೆಯಾಡಿಸಿದಳು. ತನ್ನ ಎದೆಯ ಮೇಲೆ ಕೈಯಿಟ್ಟಳು. ಮತ್ತೆ ಮುಸುಕು ಎಳೆದಳು. ಆಮೇಲೆ, ಎರಡು ಮುಷ್ಟಿಗಳನ್ನು ಕೂಡಿಸಿದಳು.

ಅಪ್ಪ ತನ್ನ ಭುಜದ ಮಟ್ಟಕ್ಕೆ ಕೈ ಹಿಡಿದು ಹುಬ್ಬೇರಿಸಿದ: ಆ ಕುಳ್ಳನಾ?

ಅವಳಿಗೆ ನಗು, ಅಳು ಒಟ್ಟಿಗೇ ಬಂತು. ಹೌದೆಂದು ತಲೆದೂಗಿದಳು.

ಅಪ್ಪ ಮುಷ್ಟಿ ಎತ್ತಿದ. ನಿಲ್ಲು.

ಅಪ್ಪ ಅತ್ತ ತಿರುಗಿ, ಮಾಪಕದ ಮುಳ್ಳು ನೋಡಿ, ವಾಲ್ವಿನ ಚಕ್ರವನ್ನು ತುಸು ತಿರುಗಿಸಿದ. ಕೆಲಸ ಮೊದಲು. ಆಮೇಲೆ ಕೈಗವಸು ಕಳಚಿ, ಅಂಗೈ ಒರೆಸಿಕೊಂಡು ಅವಳ ಎದುರು ಬಂದ. ಅಂಗೈಯನ್ನು ಮೆಲ್ಲಗೆ, ತೀರಾ ಮೆಲ್ಲಗೆ, ಮೇಲೆತ್ತಿದ. ತಣ್ಣನೆಯ ಪೈಪಿಗೆ ಒಮ್ಮೆಲೇ ಉಗಿ ಬಿಟ್ಟರೆ ಒಡೆದೀತು ಎಂದು ಹೊಸಬರಿಗೆಲ್ಲ ಹೇಳಿಕೊಡುವವನು ಅವನೇ.

ಸಂಜೆ ಅತ್ತೆ ಶುರುಮಾಡಿದಳು. "ಅಣ್ಣಾ! ಭಾನುವಾರ ಅವರು ಎಷ್ಟು ಜನ ಬರ್ತಾರಂತೆ ಗೊತ್ತಾ?"

ಅಪ್ಪ ಮುಷ್ಟಿ ಎತ್ತಿದ.

"ಇದೇನು, ಗುದ್ದುತ್ತೀಯಾ ನನ್ನ?"

"ಬರೋದು ಬೇಡ ಅಂತ ಹೇಳಿ ಕಳಿಸು!" ಕಿವಿ ಮಂದವಾದವರ ದೊಡ್ಡ ಗಂಟಲಿನಲ್ಲಿ ಅಪ್ಪ ಕೂಗಿದ. "ನಮ್ಮ ಕುಳ್ಳ ವೆಲ್ಡರ್ ಇದ್ದಾನಲ್ಲ!"

ಬೀದಿಯಲ್ಲಿ ಪಟಪಟನೆ ಎರಡು ಕಿಟಕಿ ತೆರೆದವು. ಮಗಳು ನಾಚಿ ಎರಡೂ ಕೈಯಿಂದ, ಮುಸುಕು ಎಳೆದಂತೆ, ಮುಖ ಮುಚ್ಚಿಕೊಂಡಳು.

"ಈಗಲೇ ಕರೀಬೇಕಾ ಅವನ್ನ?" ಅಂದ ಅಪ್ಪ. ಈ ಸಲ ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಷ್ಟು.