ಸೆಕ್ಯೂರ್ ಬೂಟ್ ಆಫ್ ಮಾಡಿದ ಭಾನುವಾರ

ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಸೋಮೇಶನ ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್. ಹೆಂಡತಿ ಶಿವರಂಜನಿಗೆ ವಿಂಡೋಸ್, ತನಗೆ ಲಿನಕ್ಸ್ ಎಂದು ಅದರಲ್ಲಿ ಕಂಪ್ಯೂಟರ್ ನಡೆಸುವ ಎರಡು ತಂತ್ರಾಂಶಗಳನ್ನೂ ಹಾಕಿಕೊಂಡಿದ್ದ.

ವಿಂಡೋಸ್ ಕಡೆ ರಂಜನಿಯ ಅಪ್ಪ ಮರಿಮಲ್ಲಪ್ಪನ ದನಿ ಇತ್ತು. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅವಳು ತವರು ಉಡಿಗಾಲಕ್ಕೆ ಹೋಗಿ, ಒಂಬತ್ತು ದಿನ ಅಪ್ಪನನ್ನು ಮಾತಾಡಿಸಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಅರಿಸಿನ ಬೇಯಿಸುವ ಹದ, ತೀರಿಹೋದ ಹೆಂಡತಿಯೊಡನೆ ಆಡಿದ ಜಗಳಗಳು, ರಂಜನಿ ಹುಟ್ಟಿದ ದಿನ. ಮೊಬೈಲ್ ತುಂಬಿದಾಗ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸಿದ್ದಳು.

ಆ ಭಾನುವಾರ ಅವಳು ಚಂದಕವಾಡಿಗೆ ನಾಮಕರಣಕ್ಕೆ ಹೋಗಿದ್ದಳು. ಲಿನಕ್ಸಿನಲ್ಲಿ ವೈಫೈ ಹಿಡಿಯುತ್ತಿರಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಸರಿಹೋಗುತ್ತದೆಂದು ಯಾರೋ ಬರೆದದ್ದನ್ನು ಓದಿ ಸೋಮೇಶ್ ಹಾಗೇ ಮಾಡಿದ. ಕಂಪ್ಯೂಟರ್ ಶುರುವಾಗುವಾಗ ಗುರುತಿಲ್ಲದ ತಂತ್ರಾಂಶ ನುಸುಳದಂತೆ ಕಾಯುವ ಏರ್ಪಾಡು ಅದು. ವೈಫೈ ಬಂತು. ಆದರೆ ವಿಂಡೋಸ್ ತೆರೆಯಹೋದರೆ ನೀಲಿ ಪರದೆ, ಡಿಸ್ಕಿಗೆ ಬಿದ್ದ ಬೀಗ ತೆಗೆಯಲು ನಲವತ್ತೆಂಟು ಅಂಕಿಗಳ ಕೀಲಿ ಕೇಳಿತು. ಅಂಥದ್ದೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಅವಳು ಬರುವಷ್ಟರಲ್ಲಿ ಸರಿಮಾಡಬೇಕೆಂಬ ಗಾಬರಿ. ರೆಕಾರ್ಡಿಂಗುಗಳು ಮನೆಯಲ್ಲಿದ್ದ ಪೆನ್‌ಡ್ರೈವಿನಲ್ಲೂ ಇರುತ್ತವೆ ಅಂದುಕೊಂಡ. ಫೋನ್ ಮಾಡಿ ಕೇಳಲಿಲ್ಲ. ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದ. ಆಮೇಲೆ ನೋಡಿದರೆ ಪೆನ್‌ಡ್ರೈವಿನಲ್ಲಿ ಇದ್ದದ್ದು ಮದುವೆಯ ಫೋಟೊ ಮಾತ್ರ.

ತಾನಾಗೇ ಕೆಟ್ಟಿದೆ, ರಿಪೇರಿಗೆ ಕೊಡುತ್ತೇನೆಂದು ಅವಳಿಗೆ ಸುಳ್ಳು ಹೇಳಿ, ಮರುದಿನ ಚಾಮರಾಜನಗರದ ಶಂಕರನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದ.

"ಏನ್ ಸಾರ್ ಹಿಂಗ್ ಮಾಡ್ಬುಟ್ರಿ? ಸೆಕ್ಯೂರ್ ಬೂಟ್ ತಿರ್ಗಾ ಆನ್ ಮಾಡಿದ್ರೆ ಆಗೋಗ್ತಿತ್ತು. ಯಾವ ನಂಬ್ರೂ ಕೇಳ್ದೆ ತಕ್ಕೊಳ್ತಿತ್ತು," ಎಂದ ಶಂಕರ.

"ಈಗ?"

"ಈಗ ಏನೂ ಬರಾಕಿಲ್ಲ ಸಾರ್."

ಅಲ್ಲಿಂದ ಸೋಮೇಶ್ ಮನೆಗೆ ಹೋಗಲಾರದೆ ಉಡಿಗಾಲಕ್ಕೆ ಹೋದ. ಮಾವನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದ. ಆಪರೇಷನ್ ಆದಮೇಲೆ ದನಿಯಿಲ್ಲದ ಮರಿಮಲ್ಲಪ್ಪ ಸ್ಲೇಟಿನಲ್ಲಿ ಬರೆದ: "ರಂಜನಿಗೇಳ್ದ್ಯಾ?"

ಸೋಮೇಶ್ ತಲೆಯಾಡಿಸಿದ, ಇಲ್ಲವೆಂದು.

ಮಾವ ಅದನ್ನು ಒರೆಸಿ ಮತ್ತೆ ಬರೆದ: "ನನ್ ತಾವ್ ಯಾಕ್ ಬಂದೆ? ಅವ್ಳ್ ತಾವ್ ಓಗು."

ಸಂಜೆ ಅವಳಿಗೆ ಹೇಳಿದ. ರಂಜನಿ ಕೂಗಾಡಲಿಲ್ಲ. "ಒಂದ್ ಫೋನ್ ಮಾಡಿದ್ರೆ ಆಯ್ತಿರ್ನಿಲ್ವಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಈಗ ಅವಳು ನೆನಪಿದ್ದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಒಮ್ಮೆ ಬರೆಯುವುದನ್ನು ನಿಲ್ಲಿಸಿ, ಅಪ್ಪ ಅವ್ವನ ಬಗ್ಗೆ ಹೇಳುವಾಗ ಯಾವ ಮಾತಿಗೆ ನಕ್ಕಿದ್ದು ಎಂದು ಸೋಮೇಶನನ್ನು ಕೇಳಿದಳು. ಎರಡು ವರ್ಷ ಆ ರೆಕಾರ್ಡಿಂಗುಗಳು ಮನೆಯಲ್ಲೇ ಇದ್ದವು. ಸೋಮೇಶ್ ಒಂದನ್ನೂ ಕೇಳಿರಲಿಲ್ಲ.